ಅಂದಾಜು ಪಟ್ಟಿಯ ಮುಂದೆ: ಕಾಯಿಲೆ ಬಿದ್ದ ಸಾಕುಪ್ರಾಣಿಗೆ ಎಷ್ಟು ಖರ್ಚು ಮಾಡಬೇಕು?

ಪಶುವೈದ್ಯರ ಕೊಠಡಿಯಲ್ಲಿ ಮೇಜಿನ ಮೇಲೆ ನಾಯಿಯೋ ಬೆಕ್ಕೋ ಮಲಗಿರುತ್ತದೆ. ಪರೀಕ್ಷೆ, ಶಸ್ತ್ರಚಿಕಿತ್ಸೆ, ಆಸ್ಪತ್ರೆಯಲ್ಲಿ ಉಳಿಸಿಕೊಳ್ಳಬೇಕಾದ ದಿನಗಳು, ಔಷಧ ಎಲ್ಲವನ್ನೂ ಕೂಡಿಸಿದ ಅಂದಾಜು ಪಟ್ಟಿಯೊಂದು ಸಾಕಿದವರ ಕೈಗೆ ಬರುತ್ತದೆ. ಆ ಮೊತ್ತ ಅವರ ಒಂದು ತಿಂಗಳ ಆದಾಯದಷ್ಟಿರಬಹುದು, ಆರು ತಿಂಗಳ ಆದಾಯದಷ್ಟೂ ಇರಬಹುದು. ಯೋಚಿಸಲು ಸಿಗುವ ಸಮಯ ಮಾತ್ರ ಎಷ್ಟೋ ಸಲ ಹತ್ತು ಹದಿನೈದು ನಿಮಿಷ. ಅಷ್ಟರೊಳಗೆ ಎರಡು ಬೇರೆ ಬೇರೆ ಪ್ರಶ್ನೆಗಳು ಒಂದಕ್ಕೊಂದು ತೊಡರಿಕೊಳ್ಳುತ್ತವೆ. ಈ ಚಿಕಿತ್ಸೆಯಿಂದ ಈ ಪ್ರಾಣಿಗೆ ಒಳ್ಳೆಯದಾಗುತ್ತದೆಯೇ ಎಂಬುದು ಒಂದು. ಇದರ ಖರ್ಚನ್ನು ನಾವು ತಾಳಿಕೊಳ್ಳಬಲ್ಲೆವೇ ಎಂಬುದು ಇನ್ನೊಂದು. ಎರಡನೆಯದಕ್ಕೆ 'ಇಲ್ಲ' ಎನ್ನಲು ನಾಚಿಕೆಯಾಗಿ ಮೊದಲನೆಯದನ್ನು ಕೇಳುವುದೇ ಹಲವರಿಗೆ ತಪ್ಪಿಹೋಗುತ್ತದೆ. ಹಣದ ಲೆಕ್ಕ ಹಾಕುವುದೆಂದರೆ ಪ್ರೀತಿಯನ್ನು ಅಳೆದಂತೆ ಎಂಬ ಭಾವನೆಯೇ ಇದಕ್ಕೆ ಕಾರಣ. ಈ ಭಾವನೆಯಿಂದ ಸಾಕಿದವರಿಗೆ ಆಗುವಷ್ಟೇ ತೊಂದರೆ ಪ್ರಾಣಿಗೂ ಆಗುತ್ತದೆ ಎಂಬುದು ನನ್ನ ಎಣಿಕೆ.

ಈ ಇಕ್ಕಟ್ಟು ಹಳೆಯದಲ್ಲ. 1761ರಲ್ಲಿ ಫ್ರಾನ್ಸಿನ ಲಿಯೊನ್ ನಗರದಲ್ಲಿ ಕ್ಲೋಡ್ ಬೂರ್ಜೆಲಾ ಮೊದಲ ಪಶುವೈದ್ಯ ಶಾಲೆಯನ್ನು ಸ್ಥಾಪಿಸಿದಾಗ ಕಣ್ಣ ಮುಂದಿದ್ದವು ಕುದುರೆಗಳು ಮತ್ತು ದನಗಳು. ದುಡಿಯುವ ಪ್ರಾಣಿಯ ಲೆಕ್ಕ ಸರಳವಾಗಿತ್ತು: ಎತ್ತಿನ ಬೆಲೆಗಿಂತ ಚಿಕಿತ್ಸೆಯ ಬೆಲೆ ಹೆಚ್ಚಾದರೆ ಚಿಕಿತ್ಸೆ ಅಲ್ಲಿಗೆ ನಿಲ್ಲುತ್ತಿತ್ತು. ಮನೆಯೊಳಗೆ ಮಲಗುವ ನಾಯಿಗೆ ಮತ್ತು ಬೆಕ್ಕಿಗೆ ಆ ತಕ್ಕಡಿ ಹೊಂದುವುದಿಲ್ಲ. ಹೆಚ್ಚಿನ ದೇಶಗಳ ಕಾನೂನು ಇವತ್ತಿಗೂ ಪ್ರಾಣಿಯನ್ನು ಆಸ್ತಿಯೆಂದೇ ಎಣಿಸುತ್ತದೆಯಾದರೂ, ಬೀದಿಯಿಂದ ಎತ್ತಿ ತಂದ, ಮಾರುಕಟ್ಟೆಯಲ್ಲಿ ಬಿಡಿಗಾಸೂ ಹುಟ್ಟದ ಬೆಕ್ಕಿಗೆ ತಿಂಗಳುಗಟ್ಟಲೆ ಔಷಧ ಕೊಡುವವರನ್ನು ಯಾರೂ ಬುದ್ಧಿಗೇಡಿಗಳೆಂದು ಕರೆಯುವುದಿಲ್ಲ. ಇತ್ತ ವೈದ್ಯವಿಜ್ಞಾನವೂ ಸುಮ್ಮನೆ ಕುಳಿತಿಲ್ಲ. ಎಂಆರ್‌ಐ, ಸಿಟಿ ಸ್ಕ್ಯಾನ್, ಕೀಮೋಥೆರಪಿ, ವಿಕಿರಣ ಚಿಕಿತ್ಸೆ, ಪೇಸ್‌ಮೇಕರ್, ಡಯಾಲಿಸಿಸ್ ಎಲ್ಲವೂ ಇಂದು ಪ್ರಾಣಿಗಳಿಗೆ ಲಭ್ಯ. ಹಿಂದೆ 'ಇನ್ನೇನೂ ಮಾಡುವಂತಿಲ್ಲ' ಎಂಬ ಮಾತು ವೈದ್ಯರ ಬಾಯಿಂದ ಬರುತ್ತಿತ್ತು. ಈಗ ವೈದ್ಯರ ಬಳಿ ಮಾಡಲು ಇನ್ನೂ ಏನಾದರೊಂದು ಉಳಿದೇ ಇರುವುದರಿಂದ, ಸಾಕು ಎನ್ನುವ ಹೊಣೆ ಸಾಕಿದವರ ಹೆಗಲಿಗೆ ವರ್ಗವಾಗಿದೆ.

ಮೊದಲು ಪ್ರಾಣಿಯ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ದೊಡ್ಡ ಮೊತ್ತಗಳೆಲ್ಲ ಒಂದೇ ಜಾತಿಯವಲ್ಲ. ಕೆಲವು ಖರ್ಚುಗಳು ಒಮ್ಮೆ ಮಾತ್ರ ಬರುತ್ತವೆ ಮತ್ತು ಇಡೀ ಬಾಳನ್ನು ಮರಳಿ ಕೊಡುತ್ತವೆ. ಪಾರ್ವೊ ವೈರಸ್ ತಗುಲಿದ ನಾಯಿಮರಿಯನ್ನು ಹಾಗೆಯೇ ಬಿಟ್ಟರೆ ಬದುಕುವ ಸಾಧ್ಯತೆ ತೀರಾ ಕಡಿಮೆ. ಒಳ್ಳೆಯ ಆರೈಕೆ ಸಿಕ್ಕರೆ ಬಹುಪಾಲು ಮರಿಗಳು ಉಳಿಯುತ್ತವೆ ಮತ್ತು ಮುಂದೆ ಆರೋಗ್ಯವಾಗಿ ಬೆಳೆಯುತ್ತವೆ. ಗಂಡು ಬೆಕ್ಕಿಗೆ ಮೂತ್ರ ಕಟ್ಟಿಕೊಂಡರೆ ಎರಡು ಮೂರು ದಿನಗಳಲ್ಲಿ ಸಾವು ಬರಬಹುದು, ಸಕಾಲದಲ್ಲಿ ತೆರವು ಮಾಡಿಸಿದರೆ ಹೆಚ್ಚಿನವು ಮನೆಗೆ ಮರಳುತ್ತವೆ, ಆದರೆ ಒಂದಷ್ಟು ಬೆಕ್ಕುಗಳಿಗೆ ಅದು ಮರುಕಳಿಸುತ್ತದೆ ಎಂಬುದೂ ಲೆಕ್ಕದಲ್ಲಿರಬೇಕು. ದೊಡ್ಡ ಮೈಕಟ್ಟಿನ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಸ್ಥಿತಿ, ಹೆಣ್ಣು ನಾಯಿಗಳ ಗರ್ಭಕೋಶದಲ್ಲಿ ಕೀವು ತುಂಬಿಕೊಳ್ಳುವ ಸ್ಥಿತಿ ಇವೆಲ್ಲ ಈ ಗುಂಪಿಗೇ ಸೇರುತ್ತವೆ. ಸಾಲ ಮಾಡಿಯಾದರೂ ಖರ್ಚು ಮಾಡಬಹುದೇ ಎಂದು ಯಾರಾದರೂ ಕೇಳಿದರೆ, ಪ್ರಾಣಿಯ ವಯಸ್ಸು ಚಿಕ್ಕದಿದ್ದು ಸಾಲ ತೀರಿಸುವ ದಾರಿ ಕಾಣುತ್ತಿದ್ದರೆ, ಇಂಥ ಕಾಯಿಲೆಗಳ ವಿಷಯದಲ್ಲಿ ಹೌದು ಎನ್ನಲು ನನಗೆ ಅಳುಕಿಲ್ಲ.

ಎರಡನೆಯ ಬಗೆಯ ಖರ್ಚಿನಲ್ಲಿ ಸಿಗುವುದು ಗುಣವಲ್ಲ, ಕಾಲ. ನಾಯಿಗಳ ಕಾಲಿನ ಮೂಳೆ ಕ್ಯಾನ್ಸರ್‌ನಲ್ಲಿ ಕಾಲನ್ನು ತೆಗೆದುಹಾಕುವುದಷ್ಟನ್ನೇ ಮಾಡಿದರೆ ಬದುಕುಳಿಯುವ ಅವಧಿಯ ಮಧ್ಯಾಂಕ ಸುಮಾರು 4ರಿಂದ 5 ತಿಂಗಳು. ಜೊತೆಗೆ ಕೀಮೋಥೆರಪಿ ಕೊಟ್ಟರೆ 10ರಿಂದ 12 ತಿಂಗಳು. ದುಗ್ಧರಸ ಗ್ರಂಥಿಗಳ ಕ್ಯಾನ್ಸರ್ ಆದ ಲಿಂಫೋಮಾದಲ್ಲಿ ಹಲವು ಔಷಧಗಳ ಕೀಮೋಥೆರಪಿಗೆ ಬಹುಪಾಲು ನಾಯಿಗಳು ಚೆನ್ನಾಗಿ ಸ್ಪಂದಿಸುತ್ತವೆ ಮತ್ತು ಸಾಮಾನ್ಯವಾಗಿ ಕಾಣುವ ಬಗೆಯಲ್ಲಿ ಮಧ್ಯಾಂಕ ಒಂದು ವರ್ಷದ ಆಸುಪಾಸಿನಲ್ಲಿರುತ್ತದೆ. ಸ್ಟೀರಾಯ್ಡ್ ಮಾತ್ರೆಯೊಂದನ್ನೇ ಕೊಟ್ಟರೆ ಒಂದೆರಡು ತಿಂಗಳು. ಮಧ್ಯಾಂಕ ಎಂಬ ಪದವನ್ನು ಇಲ್ಲಿ ಅಕ್ಷರಶಃ ಓದಬೇಕು. ಅರ್ಧದಷ್ಟು ನಾಯಿಗಳು ಅದಕ್ಕಿಂತ ಮೊದಲೇ ಸಾಯುತ್ತವೆ, ಉಳಿದರ್ಧ ಅದನ್ನು ದಾಟುತ್ತವೆ, ಕೆಲವು ಬಹಳ ದೂರ ದಾಟುತ್ತವೆ. ನಮ್ಮ ನಾಯಿ ಯಾವ ಗುಂಪಿನದು ಎಂದು ಆ ಅಂಕಿ ಹೇಳುವುದಿಲ್ಲ. ಬಾಜಿಯ ಸ್ವರೂಪ ಎಂಥದು ಎಂಬುದನ್ನಷ್ಟೇ ಹೇಳುತ್ತದೆ. ಹತ್ತು ಹನ್ನೆರಡು ವರ್ಷ ಬದುಕುವ ಪ್ರಾಣಿಯ ಪಾಲಿಗೆ ಒಂದು ವರ್ಷವೆಂದರೆ ಆಯುಷ್ಯದ ಹತ್ತನೇ ಒಂದು ಭಾಗದಷ್ಟು ಎಂಬುದನ್ನೂ ಮರೆಯಬಾರದು. 'ಬರೀ ಹತ್ತು ತಿಂಗಳಿಗೆ ಇಷ್ಟೊಂದು ಖರ್ಚೇ' ಎನ್ನುವವರು ಮನುಷ್ಯರ ಗಡಿಯಾರವನ್ನು ನಾಯಿಯ ಕೊರಳಿಗೆ ಕಟ್ಟುತ್ತಿರುತ್ತಾರೆ.

ಎಲ್ಲಕ್ಕಿಂತ ಕಠಿಣವಾದದ್ದು, ಕಾಯಿಲೆ ಯಾವ ಗುಂಪಿನದು ಎಂದು ಗೊತ್ತಾಗುವ ಮೊದಲೇ ಹಣ ಕಟ್ಟಬೇಕಾಗುವ ಸಂದರ್ಭ. ವಯಸ್ಸಾದ ನಾಯಿಯೊಂದು ಇದ್ದಕ್ಕಿದ್ದಂತೆ ಕುಸಿದು ಬೀಳುತ್ತದೆ. ಸ್ಕ್ಯಾನ್ ಮಾಡಿದಾಗ ಗುಲ್ಮದಲ್ಲಿ ಗಡ್ಡೆಯಿದ್ದು ಅದು ಒಡೆದು ಹೊಟ್ಟೆಯೊಳಗೆ ರಕ್ತ ಸೋರುತ್ತಿರುವುದು ಕಾಣುತ್ತದೆ. ತಕ್ಷಣ ಶಸ್ತ್ರಚಿಕಿತ್ಸೆ ಆಗದಿದ್ದರೆ ನಾಯಿ ಉಳಿಯುವುದು ಅನುಮಾನ. ಹೀಗೆ ರಕ್ತ ಸೋರುವ ಗಡ್ಡೆಗಳಲ್ಲಿ ಹೆಚ್ಚಿನವು ಹೆಮಾಂಜಿಯೊಸಾರ್ಕೋಮಾ ಎಂಬ ಕ್ಯಾನ್ಸರ್. ಅದಾಗಿದ್ದರೆ ಗುಲ್ಮವನ್ನು ತೆಗೆದ ಮೇಲೂ ಸಾಮಾನ್ಯವಾಗಿ ಸಿಗುವುದು ಒಂದರಿಂದ ಮೂರು ತಿಂಗಳು, ಕೀಮೋಥೆರಪಿ ಸೇರಿಸಿದರೆ ನಾಲ್ಕರಿಂದ ಆರು. ಆದರೆ ಎಲ್ಲ ಗಡ್ಡೆಗಳೂ ಕ್ಯಾನ್ಸರ್ ಅಲ್ಲ. ಸಾಧಾರಣ ಗಂಟಾಗಿದ್ದರೆ ಅದೇ ಶಸ್ತ್ರಚಿಕಿತ್ಸೆಯಿಂದ ನಾಯಿ ಪೂರ್ತಿ ಗುಣವಾಗುತ್ತದೆ. ಯಾವುದೆಂದು ಖಚಿತವಾಗುವುದು ತೆಗೆದ ಅಂಗವನ್ನು ಪ್ರಯೋಗಾಲಯಕ್ಕೆ ಕಳುಹಿಸಿ ಕೆಲವು ದಿನ ಕಾದ ನಂತರ. ಈ ಸ್ಥಿತಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿದವರೂ ಮಾಡಿಸದವರೂ ಆಮೇಲೆ ತಮ್ಮನ್ನು ತಾವೇ ದೂಷಿಸಿಕೊಳ್ಳುತ್ತಾರೆ; ಆದರೆ ಫಲಿತಾಂಶ ತಿಳಿದ ಮೇಲಿನ ಬುದ್ಧಿಯಿಂದ ಫಲಿತಾಂಶ ತಿಳಿಯುವ ಮುಂಚಿನ ನಿರ್ಧಾರವನ್ನು ತೂಗುವುದು ನ್ಯಾಯವಲ್ಲ. ಶ್ವಾಸಕೋಶಕ್ಕೆ, ಯಕೃತ್ತಿಗೆ ಹರಡಿದ ಕುರುಹುಗಳಿವೆಯೇ ಎಂದು ಎದೆಯ ಎಕ್ಸ್‌ರೇ ಮತ್ತು ಸ್ಕ್ಯಾನ್ ಮೂಲಕ ನೋಡುವುದು ಆ ಹೊತ್ತಿನಲ್ಲಿ ಬೆಲೆಬಾಳುವ ಖರ್ಚು, ಏಕೆಂದರೆ ಅದರ ಉತ್ತರ ಮುಂದಿನ ಹೆಜ್ಜೆಯನ್ನು ನಿಜಕ್ಕೂ ಬದಲಿಸುತ್ತದೆ.

ಈ ಮಾತನ್ನು ಎಲ್ಲ ಪರೀಕ್ಷೆಗಳಿಗೂ ಅನ್ವಯಿಸಬಹುದು. ಪರೀಕ್ಷೆಯ ಫಲಿತಾಂಶ ಹೀಗೆ ಬಂದರೆ ಏನು ಮಾಡುತ್ತೇವೆ, ಹಾಗೆ ಬಂದರೆ ಏನು ಮಾಡುತ್ತೇವೆ ಎಂದು ವೈದ್ಯರನ್ನು ಮೊದಲೇ ಕೇಳಬೇಕು. ಎರಡಕ್ಕೂ ಉತ್ತರ ಒಂದೇ ಆಗಿದ್ದರೆ ಆ ಪರೀಕ್ಷೆ ನಮ್ಮ ಕುತೂಹಲಕ್ಕೆ, ಪ್ರಾಣಿಗಲ್ಲ. ಹದಿನಾರು ವರ್ಷದ ಬೆಕ್ಕಿಗೆ ಮಿದುಳಿನ ಶಸ್ತ್ರಚಿಕಿತ್ಸೆ ಮಾಡಿಸುವುದಿಲ್ಲವೆಂದು ಮನೆಯವರು ನಿರ್ಧರಿಸಿದ್ದರೆ ಅದಕ್ಕೆ ಅರಿವಳಿಕೆ ಕೊಟ್ಟು ಎಂಆರ್‌ಐ ಮಾಡಿಸುವುದರಲ್ಲಿ ಹೆಚ್ಚಿನ ಅರ್ಥವಿಲ್ಲ. ಆ ಹಣ ನೋವಿನ ಔಷಧಕ್ಕೆ ಹೋಗಲಿ.

ಪ್ರಾಣಿಯ ಕಡೆಯಿಂದ ನೋಡುವಾಗ ಮನುಷ್ಯರಿಗೂ ಅವಕ್ಕೂ ಇರುವ ಒಂದು ವ್ಯತ್ಯಾಸ ಎಲ್ಲ ಲೆಕ್ಕವನ್ನೂ ಬದಲಿಸುತ್ತದೆ. ಮುಂದಿನ ವರ್ಷ ಮಗಳ ಮದುವೆ ನೋಡಬೇಕೆಂದು ಮನುಷ್ಯನೊಬ್ಬ ಈ ವರ್ಷದ ವಾಂತಿ, ಸುಸ್ತು, ಸೂಜಿಗಳನ್ನು ತಾನಾಗಿಯೇ ಒಪ್ಪಿಕೊಳ್ಳಬಲ್ಲ. ಬೆಕ್ಕಿಗೆ ಆ ಒಪ್ಪಂದ ಗೊತ್ತಿಲ್ಲ. ಪಂಜರ, ಅಪರಿಚಿತ ವಾಸನೆ, ಕತ್ತಿನ ಸುತ್ತಲಿನ ಪ್ಲಾಸ್ಟಿಕ್ ಕೊರಳಪಟ್ಟಿ ಇವೆಲ್ಲ ಯಾವುದರ ಸಲುವಾಗಿ ಎಂದು ಅದಕ್ಕೆ ತಿಳಿಸುವ ಬಗೆಯೇ ಇಲ್ಲ. ಆದ್ದರಿಂದ ನಾಳೆಯ ಹೆಸರಿನಲ್ಲಿ ಇಂದು ಅನುಭವಿಸುವ ಕಷ್ಟಕ್ಕೆ ಪ್ರಾಣಿಯ ಲೆಕ್ಕದಲ್ಲಿ ಹೆಚ್ಚು ತೂಕ ಕೊಡಬೇಕಾಗುತ್ತದೆ. ಹಾಗೆಂದು ಮನುಷ್ಯರ ಕೀಮೋಥೆರಪಿಯ ಚಿತ್ರವನ್ನು ನಾಯಿಯ ಮೇಲೆ ಹೊದಿಸುವುದೂ ತಪ್ಪು. ಪಶುವೈದ್ಯರು ಈ ಔಷಧಗಳನ್ನು ಕೊಡುವಾಗ ಕ್ಯಾನ್ಸರನ್ನು ಬೇರುಸಹಿತ ಕೀಳುವುದಕ್ಕಿಂತ ನೆಮ್ಮದಿಯ ದಿನಗಳನ್ನು ಹೆಚ್ಚಿಸುವುದನ್ನೇ ಗುರಿಯಾಗಿಟ್ಟುಕೊಳ್ಳುವುದರಿಂದ ಪ್ರಮಾಣ ಮೃದುವಾಗಿರುತ್ತದೆ, ಮತ್ತು ಹೆಚ್ಚಿನ ನಾಯಿಗಳು ಅದನ್ನು ಸಾಕಷ್ಟು ಸಲೀಸಾಗಿ ತಾಳಿಕೊಳ್ಳುತ್ತವೆ. 'ಕೀಮೋ' ಎಂಬ ಪದ ಕೇಳಿದ ಕೂಡಲೇ ಬೇಡವೆಂದು ಎದ್ದು ಬರುವವರು ತಮ್ಮ ಬಂಧುವೊಬ್ಬರ ಆಸ್ಪತ್ರೆಯ ನೆನಪನ್ನು ನಾಯಿಯ ಬದುಕಿಗೆ ಅಳತೆಗೋಲು ಮಾಡುತ್ತಿರಬಹುದು.

ಪ್ರಾಣಿ ನೋವಿನಲ್ಲಿದೆಯೇ ಇಲ್ಲವೇ ಎಂದು ಗುರುತಿಸುವುದೇ ಒಂದು ವಿದ್ಯೆ. ಬೆಕ್ಕುಗಳಂತೂ ನೋವನ್ನು ಮರೆಮಾಚುವುದರಲ್ಲಿ ನಿಸ್ಸೀಮ. ಕಿವಿಗಳ ನಿಲುವು, ಕಣ್ಣು ಕಿರಿದಾಗುವುದು, ಮೂತಿಯ ಬಿಗಿತ, ಮೀಸೆಯ ಸ್ಥಾನ, ತಲೆಯನ್ನು ಹಿಡಿದಿರುವ ರೀತಿ ಎಂಬ ಐದು ಲಕ್ಷಣಗಳ ಮೇಲೆ ಬೆಕ್ಕಿನ ನೋವನ್ನು ಅಂದಾಜು ಮಾಡುವ ಮಾಪಕವೊಂದನ್ನು ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲು, 2004ರಲ್ಲಿ, ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಲೋಬೋಸ್ ಬದುಕಿನ ಗುಣಮಟ್ಟವನ್ನು ಅಳೆಯುವ ಇನ್ನೊಂದು ಮಾಪಕವನ್ನು ಮುಂದಿಟ್ಟಿದ್ದರು: ನೋವು, ಹಸಿವು, ಮೈಯಲ್ಲಿನ ನೀರಿನಂಶ, ಶುಚಿ, ಲವಲವಿಕೆ, ಓಡಾಟ, ಮತ್ತು ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ ಎಂಬ ಏಳು ಅಂಶಗಳಿಗೆ ತಲಾ ಹತ್ತರವರೆಗೆ ಅಂಕ ಕೊಟ್ಟು, ಒಟ್ಟು 35ಕ್ಕಿಂತ ಮೇಲಿದ್ದರೆ ಆರೈಕೆ ಮುಂದುವರಿಸಬಹುದು ಎಂಬುದು ಅದರ ತಿರುಳು. ಅಂಕಿಗೆ ದೈವಿಕ ಮಹತ್ವವೇನೂ ಇಲ್ಲ. ದಿನವೂ ನೋಡುವ ಕಣ್ಣಿಗೆ ಇಳಿಜಾರು ಕಾಣದಿರುವುದರಿಂದ, ವಾರಕ್ಕೊಮ್ಮೆ ಬರೆದಿಟ್ಟ ಅಂಕಗಳು ಅದನ್ನು ಕಾಣಿಸುತ್ತವೆ, ಅಷ್ಟೆ.

ಈಗ ಹಣದ ಮಾತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿ ಅರ್ಧ ಮಾತ್ರ ನೆರವಿಗೆ ಬರುತ್ತದೆ, ಏಕೆಂದರೆ ತುರ್ತು ಚಿಕಿತ್ಸಾ ಕೊಠಡಿಯಲ್ಲಿ ನಿಂತಾಗ ಹಾಸಿಗೆಯ ಉದ್ದವೇ ನೆನಪಿಗೆ ಬರುವುದಿಲ್ಲ. ಪ್ರಾಣಿ ಆರೋಗ್ಯವಾಗಿರುವಾಗಲೇ ಮನೆಯವರೆಲ್ಲ ಕುಳಿತು, ಒಂದು ತುರ್ತು ಸಂದರ್ಭಕ್ಕೆ ಸಾಲವಿಲ್ಲದೆ ಎಷ್ಟು, ಸಾಲ ಮಾಡಿ ಎಷ್ಟು, ಪ್ರತಿ ತಿಂಗಳೂ ತಪ್ಪದೆ ಎಷ್ಟು ಎಂದು ಮೂರು ಮೊತ್ತಗಳನ್ನು ನಿಗದಿ ಮಾಡಿಕೊಳ್ಳುವುದು ಒಳ್ಳೆಯದು. ಮೂರನೆಯದನ್ನು ಜನ ಸಾಮಾನ್ಯವಾಗಿ ಮರೆಯುತ್ತಾರೆ. ಮಧುಮೇಹವಿರುವ ಬೆಕ್ಕಿಗೆ ಹೆಚ್ಚಾಗಿ ಹನ್ನೆರಡು ಗಂಟೆಗೊಮ್ಮೆ ಇನ್ಸುಲಿನ್, ಮೂತ್ರಪಿಂಡ ಸೋತ ಬೆಕ್ಕಿಗೆ ವಿಶೇಷ ಆಹಾರ ಮತ್ತು ಚರ್ಮದಡಿಯ ದ್ರವ, ಇವುಗಳ ಒಂದೊಂದು ಬಿಲ್ಲೂ ಚಿಕ್ಕದೇ; ವರ್ಷಗಳ ಮೊತ್ತ ಮಾತ್ರ ದೊಡ್ಡ ಶಸ್ತ್ರಚಿಕಿತ್ಸೆಯನ್ನೂ ಮೀರಿಸಬಹುದು. ಅಲ್ಲಿ ಖರ್ಚಾಗುವುದು ಹಣವೊಂದೇ ಅಲ್ಲ. ಮನೆಯಿಂದ ಒಂದು ರಾತ್ರಿ ಹೊರಗಿರಲಾಗದವರು ಯಾರು, ಬೆಳಿಗ್ಗೆ ಆರಕ್ಕೆ ಸೂಜಿ ಹಿಡಿಯುವವರು ಯಾರು ಎಂದು ನೋಡಿದರೆ ಸಾಮಾನ್ಯವಾಗಿ ಅದು ಮನೆಯ ಒಬ್ಬರೇ ವ್ಯಕ್ತಿಯಾಗಿರುತ್ತಾರೆ, ಮತ್ತು ಚಿಕಿತ್ಸೆ ಮುಂದುವರಿಯಲಿ ಎಂದು ಗಟ್ಟಿಯಾಗಿ ವಾದಿಸುವವರು ಹಲವು ಸಲ ಇನ್ನೊಬ್ಬರು. ಅಮೆರಿಕದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೀರ್ಘ ಅಥವಾ ಮಾರಣಾಂತಿಕ ಕಾಯಿಲೆಯ ಪ್ರಾಣಿಗಳನ್ನು ನೋಡಿಕೊಳ್ಳುವವರಲ್ಲಿ ಒತ್ತಡ ಮತ್ತು ಖಿನ್ನತೆಯ ಲಕ್ಷಣಗಳು ಆರೋಗ್ಯವಂತ ಪ್ರಾಣಿ ಸಾಕಿದವರಿಗಿಂತ ಹೆಚ್ಚಾಗಿ ಕಂಡುಬಂದವು. ಆರೈಕೆ ಮಾಡುವವರ ಬಳಲಿಕೆಯನ್ನು ಅಂದಾಜು ಪಟ್ಟಿಯಲ್ಲಿ ಯಾರೂ ಬರೆಯುವುದಿಲ್ಲವಾದ್ದರಿಂದ ಮನೆಯವರೇ ಅದನ್ನು ಸೇರಿಸಿಕೊಳ್ಳಬೇಕು.

ನಿಗದಿ ಮಾಡಿದ ಮೊತ್ತವನ್ನು ವೈದ್ಯರಿಗೆ ನೇರವಾಗಿ ಹೇಳಬೇಕು. ಹೇಳಿದರೆ ಕೀಳಾಗಿ ಕಾಣುತ್ತಾರೆಂಬ ಭಯದಿಂದ ಜನ ಬಾಯಿ ಬಿಡುವುದಿಲ್ಲ. ವೈದ್ಯರಾದರೋ ಕಡಿಮೆ ಖರ್ಚಿನ ದಾರಿ ಹೇಳಿದರೆ ನಿರ್ಲಕ್ಷ್ಯದ ದೂರು ಬರಬಹುದೆಂದು ಅತ್ಯುತ್ತಮವಾದದ್ದನ್ನೇ ಮುಂದಿಡುತ್ತಾರೆ. ಆದರೆ ಅತ್ಯುತ್ತಮ ಚಿಕಿತ್ಸೆ ಮತ್ತು ಚಿಕಿತ್ಸೆಯೇ ಇಲ್ಲದಿರುವುದು, ಇವೆರಡರ ನಡುವೆ ಬಹಳ ಜಾಗವಿದೆ. ಅಮೆರಿಕದ ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಾರ್ವೊ ತಗುಲಿದ 40 ನಾಯಿಗಳ ಮೇಲೆ ನಡೆಸಿದ, 2017ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಒಳ್ಳೆಯ ಉದಾಹರಣೆ. ದಾಖಲಿಸಿಕೊಂಡು ರಕ್ತನಾಳದ ಮೂಲಕ ಡ್ರಿಪ್ ಕೊಟ್ಟ ನಾಯಿಗಳಲ್ಲಿ ಶೇಕಡಾ 90ರಷ್ಟು ಬದುಕಿದರೆ, ಮೊದಲ ಹಂತದ ಚೇತರಿಕೆಯ ನಂತರ ಚರ್ಮದಡಿಯ ದ್ರವ ಮತ್ತು ಚುಚ್ಚುಮದ್ದುಗಳ ಮೇಲೆ ಹೊರರೋಗಿಗಳಂತೆ ನೋಡಿಕೊಂಡ ನಾಯಿಗಳಲ್ಲಿ ಶೇಕಡಾ 80ರಷ್ಟು ಬದುಕಿದವು. ಹತ್ತು ಅಂಕಗಳ ಅಂತರ ಸಣ್ಣದೇನಲ್ಲ, ಹೊರರೋಗಿಯ ಆರೈಕೆಯೂ ಸುಲಭದ್ದಲ್ಲ. ಆದರೂ ದಾಖಲಿಸುವ ಶಕ್ತಿಯಿಲ್ಲದ ಕುಟುಂಬಕ್ಕೆ ಈ ದಾರಿಯನ್ನೇ ಹೇಳದೆ ದಯಾಮರಣದ ಕಾಗದಕ್ಕೆ ಸಹಿ ಹಾಕಿಸಿಕೊಂಡರೆ ಆ ನಾಯಿಯ ಪಾಲಿಗೆ ಉಳಿಯುವುದು ಸೊನ್ನೆ. ಮೊಣಕಾಲಿನ ಅಸ್ಥಿರಜ್ಜು ಹರಿದ ಸಣ್ಣ ನಾಯಿಗಳಲ್ಲಿ ಹಲವು ವಿಶ್ರಾಂತಿ, ತೂಕ ಇಳಿಕೆ ಮತ್ತು ನೋವಿನ ಔಷಧದಿಂದಲೇ ಸುಧಾರಿಸುತ್ತವೆ, ಭಾರಿ ನಾಯಿಗಳಲ್ಲಿ ಅಷ್ಟಾಗಿ ಸುಧಾರಿಸುವುದಿಲ್ಲ ಎಂಬಂಥ ತಿಳಿವಳಿಕೆಯೂ ಕೇಳಿದರೆ ಮಾತ್ರ ಹೊರಬರುತ್ತದೆ.

ಅಂದಾಜು ಪಟ್ಟಿಯಲ್ಲಿ ಕನಿಷ್ಠ ಮತ್ತು ಗರಿಷ್ಠ ಎಂಬ ಎರಡು ಅಂಕಿಗಳಿದ್ದರೆ ಯೋಜನೆಯನ್ನು ಗರಿಷ್ಠದ ಮೇಲೆಯೇ ಕಟ್ಟಬೇಕು. ಒಳರೋಗಿಯಾದ ಪ್ರಾಣಿಯ ಖರ್ಚು ಇಂತಿಷ್ಟಕ್ಕೆ ಮುಟ್ಟಿದಾಗ ಮುಂದುವರಿಯುವ ಮುನ್ನ ಕರೆ ಮಾಡಿ ಎಂದು ದಾಖಲೆಯಲ್ಲಿ ಬರೆಸಬಹುದು. ಆ ಕರೆ ಬಂದಾಗ ಮನಸ್ಸು ಹೂಡುವ ವಾದ ಬಹುತೇಕ ಒಂದೇ: ಇಲ್ಲಿಯವರೆಗೆ ಇಷ್ಟು ಖರ್ಚು ಮಾಡಿದ್ದೇವೆ, ಈಗ ನಿಲ್ಲಿಸಿದರೆ ಅದೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ. ಹೋದ ಹಣ ಮುಂದುವರಿದರೂ ಮರಳುವುದಿಲ್ಲ, ನಿಲ್ಲಿಸಿದರೂ ಮರಳುವುದಿಲ್ಲ. ಇಂದಿನ ಸ್ಥಿತಿಯಲ್ಲಿರುವ ಈ ಪ್ರಾಣಿಯನ್ನು ಇಂದೇ ಮೊದಲ ಬಾರಿ ಕರೆತಂದಿದ್ದರೆ ಮುಂದಿನ ಮೊತ್ತವನ್ನು ಕಟ್ಟುತ್ತಿದ್ದೆವೇ ಎಂಬುದೊಂದನ್ನೇ ಆಗ ಕೇಳಿಕೊಳ್ಳಬೇಕು.

ವಿಮೆಯಿದ್ದರೆ ಇದೆಲ್ಲ ತಪ್ಪುತ್ತದೆಯೇ? ನಾಯಿಯೊಂದಕ್ಕೆ ಮೊದಲ ವಿಮಾ ಪಾಲಿಸಿ ಸಿಕ್ಕಿದ್ದು ಸ್ವೀಡನ್‌ನಲ್ಲಿ, 1924ರಲ್ಲಿ ಎನ್ನಲಾಗುತ್ತದೆ. ಇಂದು ಲಭ್ಯವಿರುವ ಪಾಲಿಸಿಗಳು ಸಾಮಾನ್ಯವಾಗಿ ಈಗಾಗಲೇ ಇರುವ ಕಾಯಿಲೆಯನ್ನು ಹೊರಗಿಡುತ್ತವೆ, ಆರಂಭದಲ್ಲಿ ಕಾಯುವ ಅವಧಿ ಇಡುತ್ತವೆ, ವಾರ್ಷಿಕ ಮಿತಿ ಹೇರುತ್ತವೆ, ಪ್ರಾಣಿಗೆ ವಯಸ್ಸಾದಂತೆ ಕಂತನ್ನು ಏರಿಸುತ್ತವೆ, ಮತ್ತು ಹಲವು ಪಾಲಿಸಿಗಳಲ್ಲಿ ಮೊದಲು ನಾವು ಕಟ್ಟಿ ಆಮೇಲೆ ಮರಳಿ ಪಡೆಯಬೇಕು. ಹೀಗಾಗಿ ಮರಿಯಿದ್ದಾಗಲೇ ಮಾಡಿಸದ ವಿಮೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ವಿಮೆ ಹಣದ ಪ್ರಶ್ನೆಯನ್ನು ಹಗುರ ಮಾಡುತ್ತದೆ, ಪ್ರಾಣಿಯ ಪ್ರಶ್ನೆಯನ್ನು ಮಾತ್ರ ಹಾಗೆಯೇ ಬಿಡುತ್ತದೆ. 'ಹೇಗೂ ವಿಮೆ ಕೊಡುತ್ತದೆ' ಎಂಬ ಕಾರಣಕ್ಕೆ ಮೂರನೇ ಶಸ್ತ್ರಚಿಕಿತ್ಸೆಗೆ ಒಳಗಾಗುವ ಮುದಿ ನಾಯಿಗೆ ಅದು ಉಪಕಾರವಾಗಲಾರದು.

ಪಶುವೈದ್ಯರು ಹಣಕ್ಕಾಗಿಯೇ ಹೀಗೆಲ್ಲ ಹೇಳುತ್ತಾರೆಂಬ ಅನುಮಾನವನ್ನೂ ಇಲ್ಲಿ ಎದುರಿಸಬೇಕು. ಬ್ರಿಟನ್ನಿನಲ್ಲಿ 2013ರಲ್ಲಿ ಸುಮಾರು ಶೇಕಡಾ 10ರಷ್ಟು ಚಿಕಿತ್ಸಾಲಯಗಳು ದೊಡ್ಡ ಸಮೂಹಗಳ ಒಡೆತನದಲ್ಲಿದ್ದವು; ಕೇವಲ ಒಂದು ದಶಕದಲ್ಲಿ ಆ ಪ್ರಮಾಣ ಶೇಕಡಾ 60ರ ಹತ್ತಿರಕ್ಕೆ ಏರಿತು ಎಂದು ಅಲ್ಲಿನ ಸ್ಪರ್ಧಾ ಪ್ರಾಧಿಕಾರವೇ ಹೇಳಿ, ಬೆಲೆಗಳ ಪಾರದರ್ಶಕತೆಯ ಕುರಿತು ತನಿಖೆಗಿಳಿಯಿತು. ಒಡೆತನ ಬದಲಾದಾಗ ಒತ್ತಡಗಳೂ ಬದಲಾಗುತ್ತವೆ ಎಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಗುಣವಾಗಬಲ್ಲ ಪ್ರಾಣಿಯನ್ನು ಹಣವಿಲ್ಲವೆಂಬ ಒಂದೇ ಕಾರಣಕ್ಕೆ ದಯಾಮರಣಕ್ಕೆ ಒಳಪಡಿಸಬೇಕಾದಾಗ ಸೂಜಿ ಹಿಡಿಯುವ ಕೈಯೂ ಅದೇ ವೈದ್ಯರದು, ಮತ್ತು ಆ ವೃತ್ತಿಯವರ ಮಾನಸಿಕ ಬಳಲಿಕೆಗೆ ಅದು ಒಂದು ಮುಖ್ಯ ಕಾರಣ. ಸಮಯವಿದ್ದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವುದು ಅನುಮಾನದಲ್ಲೇ ಕೊರಗುವುದಕ್ಕಿಂತ ಲೇಸು.

ಮನುಷ್ಯರೇ ಹಸಿದಿರುವಾಗ ಪ್ರಾಣಿಗೆ ಇಷ್ಟು ಸುರಿಯುವುದು ಸರಿಯೇ ಎಂದು ಕೇಳುವವರು ಇದ್ದೇ ಇರುತ್ತಾರೆ. ಹೊಸ ಸೋಫಾ ಕೊಂಡಾಗ ಅದೇ ಜನ ಈ ಮಾತನ್ನು ಎತ್ತುವುದಿಲ್ಲ ಎಂಬುದನ್ನು ಬದಿಗಿಟ್ಟರೂ, ಉತ್ತರ ಸರಳ: ಪ್ರಾಣಿ ತಾನಾಗಿ ನಮ್ಮ ಮನೆಗೆ ಬಂದದ್ದಲ್ಲ, ನಾವು ತಂದದ್ದು, ತನಗೆ ಬೇಕಾದ್ದನ್ನು ತಾನೇ ಹುಡುಕಿಕೊಳ್ಳುವ ದಾರಿಯನ್ನು ಮುಚ್ಚಿದವರೂ ನಾವೇ. ಆ ಹೊಣೆಯಿಂದ ಹುಟ್ಟುವ ಕರ್ತವ್ಯದಲ್ಲಿ ನೋವು ನಿವಾರಣೆ ಎಂದೂ ಬಿಡುವಂತಿಲ್ಲದ ಭಾಗ. ಆಯುಷ್ಯವನ್ನು ಆದಷ್ಟೂ ಎಳೆಯುವುದು ಆ ಭಾಗಕ್ಕೆ ಸೇರಿದ್ದಲ್ಲ. ಮಕ್ಕಳ ಶಾಲೆಯ ಶುಲ್ಕವನ್ನು ಅಥವಾ ವೃದ್ಧ ತಾಯಿಯ ಔಷಧವನ್ನು ತಪ್ಪಿಸಿ ಬೆಕ್ಕಿನ ಡಯಾಲಿಸಿಸ್ ಮಾಡಿಸದವರು ಯಾವ ವಚನವನ್ನೂ ಮುರಿದಿಲ್ಲ. ನೋವಿನಿಂದ ನರಳುತ್ತಿರುವ ಬೆಕ್ಕನ್ನು ಖರ್ಚಾಗುತ್ತದೆಂದು ವೈದ್ಯರ ಬಳಿಗೇ ಒಯ್ಯದವರು ಮುರಿದಿದ್ದಾರೆ.

ಅಂಕಿಗಳು ಇಂದು ಹೇಳುವುದೇ ನಾಳೆಯೂ ಸತ್ಯವಾಗಿ ಉಳಿಯಬೇಕೆಂದಿಲ್ಲ ಎಂಬುದಕ್ಕೆ ಬೆಕ್ಕುಗಳ ಎಫ್‌ಐಪಿ (ಫೀಲೈನ್ ಇನ್ಫೆಕ್ಷಿಯಸ್ ಪೆರಿಟೊನೈಟಿಸ್) ಕಾಯಿಲೆ ಸಾಕ್ಷಿ. ಕೊರೊನಾವೈರಸ್ ಬಗೆಯೊಂದರಿಂದ ಬರುವ ಈ ಕಾಯಿಲೆ ಕೆಲವೇ ವರ್ಷಗಳ ಹಿಂದೆ ಹೆಚ್ಚುಕಡಿಮೆ ಮರಣಶಾಸನವೇ ಆಗಿತ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ನೀಲ್ಸ್ ಪೀಡರ್ಸನ್ ಮತ್ತು ಸಂಗಡಿಗರು ಜಿಎಸ್-441524 ಎಂಬ ಔಷಧವನ್ನು 31 ಬೆಕ್ಕುಗಳಿಗೆ ಕೊಟ್ಟು, ಅವುಗಳಲ್ಲಿ 26 ಕನಿಷ್ಠ 12 ವಾರಗಳ ಚಿಕಿತ್ಸೆಯನ್ನು ಪೂರೈಸಿದವೆಂದು 2019ರಲ್ಲಿ ಪ್ರಕಟಿಸಿದರು. ಔಷಧಕ್ಕೆ ಅನುಮತಿ ಸಿಗಲು ತಡವಾದ್ದರಿಂದ ಹಲವು ದೇಶಗಳಲ್ಲಿ ಜನ ಅದನ್ನು ಕಾಳಸಂತೆಯಿಂದ ತರಿಸಿ ತಾವೇ ಚುಚ್ಚಿದರು. ಹಾಗಾಗಿ 'ಇದಕ್ಕೆ ಔಷಧವಿಲ್ಲ' ಎಂದು ಹತ್ತು ವರ್ಷದ ಹಿಂದೆ ಕೇಳಿದ ಮಾತನ್ನು ನಂಬಿ ಕೈಚೆಲ್ಲುವ ಮೊದಲು ಇಂದಿನ ಸ್ಥಿತಿ ಏನೆಂದು ವಿಚಾರಿಸಬೇಕು.

ಚಿಕಿತ್ಸೆಗೂ ದಯಾಮರಣಕ್ಕೂ ನಡುವೆ ಉಪಶಮನ ಆರೈಕೆಯೆಂಬ ಮೂರನೆಯ ದಾರಿಯೊಂದಿದೆ. ಕಾಯಿಲೆಯನ್ನು ಬೆನ್ನಟ್ಟುವುದನ್ನು ಬಿಟ್ಟು ನೋವು, ವಾಕರಿಕೆ, ಉಸಿರಿನ ತೊಂದರೆಗಳನ್ನಷ್ಟೇ ಹತೋಟಿಯಲ್ಲಿಡುವುದು ಅದರ ಉದ್ದೇಶ. ಖರ್ಚು ಸಾಮಾನ್ಯವಾಗಿ ಕಡಿಮೆ, ಆದರೆ ಕೊನೆಯ ದಿನವನ್ನು ಆರಿಸುವ ಹೊಣೆ ಮನೆಯವರ ಮೇಲೆ ಬೀಳುತ್ತದೆ. ಕ್ಯಾಲೆಂಡರಿನಲ್ಲಿ ಒಳ್ಳೆಯ ದಿನಕ್ಕೊಂದು, ಕೆಟ್ಟ ದಿನಕ್ಕೊಂದು ಗುರುತು ಹಾಕುತ್ತಾ ಬಂದವರಿಗೆ ಆ ಆಯ್ಕೆ ಸ್ವಲ್ಪವಾದರೂ ಹಗುರವಾಗುತ್ತದೆ. ಆ ದಿನವನ್ನು ಗೊತ್ತುಮಾಡುವಾಗ ಮನೆಗೇ ಬರುವ ವೈದ್ಯರಿದ್ದಾರೆಯೇ, ದೇಹವನ್ನು ಏನು ಮಾಡುವುದು ಎಂಬ ಮಾತುಗಳ ಜೊತೆಗೆ ಹಣವನ್ನು ಮೊದಲೇ ಕಟ್ಟಲು ಬರುತ್ತದೆಯೇ ಎಂದೂ ಕೇಳಿಕೊಳ್ಳಬೇಕು. ಹಾಗೆ ಕಟ್ಟಿದ್ದರೆ, ಬರಿದಾದ ಕೊರಳಪಟ್ಟಿಯನ್ನು ಕೈಯಲ್ಲಿ ಹಿಡಿದು ಬಿಲ್ಲಿನ ಸಾಲಿನಲ್ಲಿ ನಿಲ್ಲದೆ ನೇರವಾಗಿ ಬಾಗಿಲಿನಿಂದ ಹೊರಗೆ ನಡೆದುಬಿಡಬಹುದು.